ದೆವ್ವದ ಕಥೆಯ ಹಿಂದಿನ ಇತಿಹಾಸ: ಅಮೆರಿಕದ ನ್ಯಾಚೆಜ್ ದಾರಿ



ದಾರಿ ಎಂದ ಮೇಲೆ ಅದಕ್ಕೊಂದು ದೆವ್ವದ ಕಥೆ ಇರಲೇಬೇಕು. ನಮ್ಮ ಸೀಮೆಯ ಯಾವ ಹಳ್ಳಿಗೆ ಹೋದರೂ ಹಳ್ಳ ದಾಟುವ ಕಡೆ ಒಂದು ಹುಣಸೇಮರ, ಅದರ ಬುಡದಲ್ಲಿ ಒಂದು ಕಲ್ಲು, ಆ ಕಲ್ಲಿಗೊಂದು ಕಥೆ ಇದ್ದೇ ಇರುತ್ತದೆ. "ಅಮಾಸಿ ದಿನ ಆ ಕಡೆ ಬಂಡಿ ಹೊಡಕೊಂಡು ಹೋಗಬ್ಯಾಡ್ರಿ, ಎತ್ತು ಮುಂದಕ್ಕ ಹೆಜ್ಜಿ ಕೀಳೂದಿಲ್ಲ" ಎಂದು ಹಿರಿಯರು ಹೇಳುತ್ತಿದ್ದರು. ಈಗ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು, ಮೋಟರ್ ಸೈಕಲ್ಲು ಬಂದಿವೆ. ಕಥೆ ಮಾತ್ರ ಹಾಗೇ ಇದೆ. ಅಲ್ಲಿ ಯಾರೋ ಸತ್ತಿದ್ದರಂತೆ ಎನ್ನುತ್ತೇವೆ. ಯಾರು ಸತ್ತರು, ಯಾವ ಇಸವಿಯಲ್ಲಿ ಸತ್ತರು, ಯಾತಕ್ಕೆ ಸತ್ತರು ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ದೂರದೇಶದ ಒಂದು ದಾರಿಯ ಇತಿಹಾಸವನ್ನು ಓದುಗರಿಗೆ ತಿಳಿಸಬೇಕೆಂಬುದು ಈ ಲೇಖನದ ಉದ್ದೇಶ. ಅದು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ನ್ಯಾಚೆಜ್ ಟ್ರೇಸ್, ಅಂದರೆ ನ್ಯಾಚೆಜ್ ಜಾಡು ಎಂಬ ಹಳ್ಳಿಗಾಡಿನ ರಸ್ತೆ. ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಗೂ ಅಮೆರಿಕದ ರಸ್ತೆಗೂ ಎಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಬಹುದು. ಎರಡು ಸಂಬಂಧ ಇವೆ. ಒಂದು ಹತ್ತಿಯದು, ಇನ್ನೊಂದು ಲೆಕ್ಕದ ಪುಸ್ತಕದ್ದು. ಎರಡನ್ನೂ ಮುಂದೆ ಹೇಳಿದ್ದೇನೆ.

ದಾರಿ ಹುಟ್ಟಿದ ಬಗೆ

ಮಿಸಿಸಿಪಿ ಎಂಬುದು ಅಮೆರಿಕದ ಬಹು ದೊಡ್ಡ ಹೊಳೆ. ಅದರ ದಂಡೆಯ ಮೇಲೆ ನ್ಯಾಚೆಜ್ ಎಂಬ ಊರು. ಅಲ್ಲಿಂದ ಈಶಾನ್ಯಕ್ಕೆ ಹೊರಟರೆ ಮಿಸಿಸಿಪಿ, ಅಲಬಾಮಾ, ಟೆನೆಸ್ಸಿ ಎಂಬ ಮೂರು ರಾಜ್ಯಗಳನ್ನು ಹಾದು ನ್ಯಾಶ್‌ವಿಲ್ ನಗರದ ಹತ್ತಿರ ದಾರಿ ಮುಗಿಯುತ್ತದೆ. ಒಟ್ಟು 444 ಮೈಲಿ, ಅಂದರೆ ಸುಮಾರು 715 ಕಿಲೋಮೀಟರು.

ಈ ದಾರಿಯನ್ನು ಮೊದಲು ಮಾಡಿದ್ದು ಕಾಡುಪ್ರಾಣಿಗಳು. ಮೇವು ನೀರು ಹುಡುಕಿಕೊಂಡು ಅವು ತುಳಿದ ಜಾಡಿನ ಮೇಲೆ ಅಲ್ಲಿನ ಮೂಲನಿವಾಸಿಗಳು ನಡೆದರು. ನ್ಯಾಚೆಜ್, ಚೋಕ್ಟಾ, ಚಿಕಸಾ ಎಂಬುವು ಆ ಜನಗಳ ಹೆಸರುಗಳು. ಅವರು ಮೆಕ್ಕೆಜೋಳ ಬೆಳೆಯುತ್ತಿದ್ದ ರೈತಾಪಿ ಜನ. ಅವರ ಪೂರ್ವಜರು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ದೊಡ್ಡ ದಿಬ್ಬಗಳು ಈ ದಾರಿಯ ಬದಿಗೆ ಈಗಲೂ ನಿಂತಿವೆ. ನ್ಯಾಚೆಜ್ ಊರಿನ ಹತ್ತಿರದ ಎಮರಾಲ್ಡ್ ದಿಬ್ಬ ಒಂದೇ ಸುಮಾರು 8 ಎಕರೆ ಜಾಗ ಹಿಡಿದಿದೆ.

1729ರಲ್ಲಿ ನ್ಯಾಚೆಜ್ ಜನ ತಮ್ಮ ನೆಲಕ್ಕೆ ಕೈಹಾಕಿದ ಫ್ರೆಂಚರ ಮೇಲೆ ತಿರುಗಿಬಿದ್ದರು. ಫ್ರೆಂಚರು ದಂಡು ತಂದು ಅವರನ್ನು ಮುರಿದರು. ಕೈಗೆ ಸಿಕ್ಕ ನೂರಾರು ಜನರನ್ನು ಹಡಗಿಗೆ ಹತ್ತಿಸಿ ಕೆರಿಬಿಯನ್ ದ್ವೀಪಕ್ಕೆ ಗುಲಾಮರನ್ನಾಗಿ ಮಾರಿದರು. ಉಳಿದವರು ಬೇರೆ ಬುಡಕಟ್ಟುಗಳ ಆಶ್ರಯಕ್ಕೆ ಹೋದರು. ಇವತ್ತು ಊರಿಗೆ ಅವರ ಹೆಸರಿದೆ, ದಾರಿಗೂ ಅವರ ಹೆಸರಿದೆ. ಆ ಊರಿನಲ್ಲಿ ಅವರಿಲ್ಲ.

ಮುಂದೆ 1801ರಲ್ಲಿ ಅಮೆರಿಕ ಸರ್ಕಾರ ಚಿಕಸಾ ಮತ್ತು ಚೋಕ್ಟಾ ಜನರೊಡನೆ ಕರಾರು ಮಾಡಿಕೊಂಡು ದಾರಿಯನ್ನು ಅಗಲ ಮಾಡಿಸಿತು. ಟಪಾಲು ಇದೇ ದಾರಿಯಲ್ಲಿ ಓಡಾಡತೊಡಗಿತು. ಆಗ ಮೇಲಿನ ಸೀಮೆಯ ರೈತರು ಹಿಟ್ಟು, ಹಂದಿಮಾಂಸ, ಮದ್ಯ ಮುಂತಾದ ಮಾಲನ್ನು ತೆಪ್ಪದಂಥ ದೋಣಿಗಳಿಗೆ ಹೇರಿ ಹೊಳೆಯ ಸೆಳವಿನ ಜೊತೆ ಕೆಳಕ್ಕೆ ಬರುತ್ತಿದ್ದರು. ನ್ಯಾಚೆಜ್ ಇಲ್ಲವೇ ನ್ಯೂ ಆರ್ಲಿಯನ್ಸ್ ಪೇಟೆಯಲ್ಲಿ ಮಾಲು ಮಾರುವುದು, ದೋಣಿ ಸೆಳವಿನ ಎದುರು ಹೋಗಲಾರದಾದ್ದರಿಂದ ಅದನ್ನೂ ಕಟ್ಟಿಗೆಯ ಬೆಲೆಗೆ ಮಾರಿಬಿಡುವುದು, ರೊಕ್ಕವನ್ನು ಸೊಂಟಕ್ಕೆ ಕಟ್ಟಿಕೊಂಡು ಈ ಕಾಡುದಾರಿ ಹಿಡಿದು ಊರಿಗೆ ನಡೆಯುವುದು. ನಡಿಗೆ ಒಂದು ತಿಂಗಳಿಗೂ ಮೇಲ್ಪಟ್ಟು. ನಡುವೆ ಅಲ್ಲಲ್ಲಿ ಊಟ ವಸತಿಗೆ ಸಣ್ಣ ಮನೆಗಳು, ನಮ್ಮ ಕಡೆಯ ಧರ್ಮಶಾಲೆಯ ಹಾಗೆ. ಆದರೆ ಅಲ್ಲಿ ದುಡ್ಡು ಕೊಡಬೇಕು. ಸಂತೆ ಮುಗಿಸಿ ರೊಕ್ಕ ಇಟ್ಟುಕೊಂಡು ಕತ್ತಲಲ್ಲಿ ಊರಿಗೆ ಬರುವವನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜನ ಹೇಳುವ ಕಥೆಗಳು

ದರೋಡೆಕೋರರು ಅಲ್ಲಿಯೇ ಕಾದಿದ್ದರು. ಸ್ಯಾಮ್ಯುಯೆಲ್ ಮೇಸನ್ ಎಂಬವನದೊಂದು ಗುಂಪು. ಹಾರ್ಪ್ ಎಂಬ ಇಬ್ಬರು ಕೊಲೆಗಡುಕರದು ಇನ್ನೊಂದು ಕಥೆ. ಅವರಲ್ಲಿ ದೊಡ್ಡವನು 1799ರಲ್ಲೇ ಕೆಂಟಕಿ ಸೀಮೆಯಲ್ಲಿ ಸತ್ತ. ಸಣ್ಣವನು ಮೇಸನ್ನನ ಗುಂಪು ಸೇರಿದ. ಸರ್ಕಾರ ಮೇಸನ್ನನ ತಲೆಗೆ ಬಹುಮಾನ ಸಾರಿದಾಗ ಈ ಸಣ್ಣ ಹಾರ್ಪನೇ ತನ್ನ ನಾಯಕನ ತಲೆ ತಂದು ಬಹುಮಾನ ಕೇಳಿದ. ಯಾರೋ ಗುರುತು ಹಿಡಿದರು. 1804ರಲ್ಲಿ ಅವನನ್ನೂ ಗಲ್ಲಿಗೆ ಹಾಕಿ, ತಲೆಯನ್ನು ದಾರಿಯ ಪಕ್ಕ ಕಂಬಕ್ಕೆ ಸಿಕ್ಕಿಸಿದರು. ಇಂಥ ತಲೆಗಳು ದೆವ್ವದ ಕಥೆಗಳಿಗೆ ಮೂಲವಾದವು.

ದಾರಿಯ ನಡುಭಾಗದಲ್ಲಿ 'ಮಾಟಗಾತಿಯರ ಕುಣಿತ' ಎಂಬ ಹೆಸರಿನ ಒಂದು ಜಾಗವಿದೆ. ಅಲ್ಲಿ ಮಾಟಗಾತಿಯರು ರಾತ್ರಿ ಸೇರಿ ಕುಣಿಯುತ್ತಿದ್ದರಂತೆ, ಅವರ ಪಾದ ಸೋಕಿದ ಕಡೆ ಹುಲ್ಲು ಒಣಗಿ ಮತ್ತೆ ಚಿಗುರುವುದಿಲ್ಲವಂತೆ. ಅದರ ಹತ್ತಿರದಲ್ಲೇ ಮೂಲನಿವಾಸಿಗಳ ಹಳೆಯ ಮಣ್ಣಿನ ದಿಬ್ಬಗಳಿವೆ. ಹಿಂದೆ ಯಾರ ಊರಿತ್ತೋ ಆ ಜಾಗಕ್ಕೆ ಮಾಟದ ಹೆಸರು ಬಂದಿದೆ.

ಎಲ್ಲಕ್ಕಿಂತ ಹೆಸರಾದದ್ದು ಮೆರಿವೆದರ್ ಲೂಯಿಸನ ಕಥೆ. 1804ರಿಂದ 1806ರವರೆಗೆ ಅಮೆರಿಕ ಖಂಡವನ್ನು ಪೂರ್ವದಿಂದ ಪಶ್ಚಿಮದ ಸಮುದ್ರದವರೆಗೆ ದಾಟಿ ಬಂದ ತಂಡದ ನಾಯಕ ಈತ. ಆಮೇಲೆ ಲೂಸಿಯಾನಾ ಪ್ರಾಂತದ ಗವರ್ನರ್ ಆದ. ಸರ್ಕಾರದ ಕೆಲಸಕ್ಕಾಗಿ ತಾನು ಮಾಡಿದ ಖರ್ಚಿನ ಚೀಟಿಗಳನ್ನು ರಾಜಧಾನಿಯ ಕಚೇರಿ ಒಪ್ಪಲಿಲ್ಲ. ಸಾಲಗಾರರು ಬೆನ್ನು ಹತ್ತಿದರು. ಲೆಕ್ಕ ಬಗೆಹರಿಸಿಕೊಳ್ಳಲೆಂದು ವಾಷಿಂಗ್ಟನ್ನಿಗೆ ಹೊರಟವನು 1809ರ ಅಕ್ಟೋಬರ್ ತಿಂಗಳಲ್ಲಿ ಈ ದಾರಿಯ ಗ್ರೈಂಡರ್ ಎಂಬವರ ಮನೆಯಲ್ಲಿ ರಾತ್ರಿ ತಂಗಿದ. ನಡುರಾತ್ರಿ ಗುಂಡಿನ ಸದ್ದು ಕೇಳಿತು. ಬೆಳಗಾದ ಮೇಲೆ, ಅಕ್ಟೋಬರ್ 11ರಂದು, ಪ್ರಾಣ ಬಿಟ್ಟ. ವಯಸ್ಸು 35. ತಾನೇ ಗುಂಡು ಹಾರಿಸಿಕೊಂಡನೋ, ಬೇರೆಯವರು ಕೊಂದರೋ ಎಂಬ ವಾದ ಇವತ್ತಿಗೂ ನಡೆದಿದೆ.

ಗಾಯಗೊಂಡ ಲೂಯಿಸ್ ನೀರಿಗಾಗಿ ತೆವಳಿಕೊಂಡು ಬಂದು ಬರಿದಾದ ಬಕೀಟನ್ನು ಸೋರೆಬುರುಡೆಯಿಂದ ಕೆರೆಯುತ್ತಿದ್ದ ಸದ್ದು ಕೇಳಿಸಿತು, ಹೆದರಿಕೆಯಿಂದ ಬಾಗಿಲು ತೆರೆಯಲಿಲ್ಲ ಎಂದು ಆ ಮನೆಯಾಕೆ ಹೇಳಿದ್ದು ದಾಖಲಾಗಿದೆ. ಅದೇ ಸದ್ದು ಈಗಲೂ ರಾತ್ರಿ ಕೇಳುತ್ತದೆ ಎಂಬುದು ಅಲ್ಲಿನ ಜನರ ನಂಬಿಕೆ. 1848ರಲ್ಲಿ ಟೆನೆಸ್ಸಿ ರಾಜ್ಯದವರು ಅವನ ಸಮಾಧಿಯ ಮೇಲೆ ಅರ್ಧಕ್ಕೆ ಮುರಿದಂತೆ ಕೆತ್ತಿದ ಕಂಬವೊಂದನ್ನು ನಿಲ್ಲಿಸಿದರು. ಅರ್ಧಕ್ಕೆ ನಿಂತ ಬಾಳಿನ ಗುರುತು ಅದು.

ಒಬ್ಬ ಮನುಷ್ಯನ ಸಾವಿಗೆ ಹೆಸರಿದೆ, ದಿನಾಂಕವಿದೆ, ಕಂಬವಿದೆ, ದೆವ್ವದ ಕಥೆಯೂ ಇದೆ. ಆಗಲಿ, ಇರಬೇಕು. ಆದರೆ ಇದೇ ದಾರಿಯಲ್ಲಿ ನಡೆದು ಹೋದ ಸಾವಿರಾರು ಜನರಿಗೆ ಇವು ಒಂದೂ ದೊರೆಯಲಿಲ್ಲ. ನಿಜವಾದ ಇತಿಹಾಸ ಇಲ್ಲಿಂದ ಶುರುವಾಗುತ್ತದೆ.

ಸರಪಳಿಯಲ್ಲಿ ನಡೆದವರು

1793ರಲ್ಲಿ ಈಲೈ ವಿಟ್ನಿ ಎಂಬವನು ಹತ್ತಿಯಿಂದ ಕಾಳು ಬಿಡಿಸುವ ಜಿನ್ ಯಂತ್ರವನ್ನು ಮಾಡಿದ. ಅಲ್ಲಿಯವರೆಗೆ ಕೈಯಿಂದ ಕಾಳು ಬಿಡಿಸುವುದೇ ದೊಡ್ಡ ತೊಡಕಾಗಿತ್ತು. ತೊಡಕು ಹೋದ ಕೂಡಲೇ ಹತ್ತಿಯ ಬೆಳೆ ಹಬ್ಬಿತು. ಇಂಗ್ಲೆಂಡಿನ ಗಿರಣಿಗಳಿಗೆ ಎಷ್ಟು ಕಳಿಸಿದರೂ ಸಾಲದು. ಮಿಸಿಸಿಪಿ ದಂಡೆಯ ಮಣ್ಣು ಹತ್ತಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಕಾಡು ಕಡಿಯಲು, ಬಿತ್ತಲು, ಕಳೆ ತೆಗೆಯಲು, ಬಿಡಿಸಲು ಆಳುಗಳು ಬೇಕು. ಹತ್ತಿ ಬಿಡಿಸುವ ಕೆಲಸ ಎಂಥದು ಎಂಬುದು ನಮ್ಮ ತಾಯಂದಿರಿಗೆ, ಅಕ್ಕತಂಗಿಯರಿಗೆ ಗೊತ್ತು. ಸಂಜೆಯ ಹೊತ್ತಿಗೆ ಬೆರಳ ತುದಿ ಕಿತ್ತು ಬಂದಿರುತ್ತದೆ.

ಆ ಆಳುಗಳು ಗುಲಾಮರು. ಹೊರದೇಶದಿಂದ ಗುಲಾಮರನ್ನು ತರುವುದನ್ನು ಅಮೆರಿಕ ಸರ್ಕಾರ 1808ರ ಜನವರಿ 1ರಿಂದ ನಿಲ್ಲಿಸಿತು. ಆದರೆ ದೇಶದ ಒಳಗೆ ಕೊಳ್ಳುವುದು ಮಾರುವುದು ನಿಲ್ಲಲಿಲ್ಲ. ವರ್ಜೀನಿಯಾ, ಮೇರಿಲ್ಯಾಂಡ್ ಮುಂತಾದ ಹಳೆಯ ರಾಜ್ಯಗಳಲ್ಲಿ ತಂಬಾಕಿನ ಹೊಲ ಸವೆದುಹೋಗಿತ್ತು. ಅಲ್ಲಿಯ ಮಾಲೀಕರು ತಮ್ಮ ಗುಲಾಮರನ್ನು ದಲಾಲರಿಗೆ ಮಾರತೊಡಗಿದರು. ದಲಾಲರು ಅವರನ್ನು ಹತ್ತಿಯ ಸೀಮೆಗೆ ಸಾಗಿಸಿದರು. 1790ರಿಂದ 1860ರವರೆಗಿನ 70 ವರ್ಷಗಳಲ್ಲಿ ಹೀಗೆ ದಕ್ಷಿಣಕ್ಕೆ ಸಾಗಿಸಲ್ಪಟ್ಟವರು ಸುಮಾರು 10 ಲಕ್ಷ ಜನ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಕೆಲವರು ಹಡಗಿನಲ್ಲಿ ಹೋದರು. ಬಹಳಷ್ಟು ಜನ ನಡೆದೇ ಹೋದರು. ಹೀಗೆ ನಡೆದವರಲ್ಲಿ ನ್ಯಾಚೆಜ್ ಕಡೆ ಹೊರಟವರ ಕೊನೆಯ ದಾರಿ ಅನೇಕ ಸಲ ಈ ಜಾಡೇ ಆಗಿತ್ತು.

ನಡೆಸುವ ಕ್ರಮ ಹೀಗಿತ್ತು. ಗಂಡಸರನ್ನು ಇಬ್ಬಿಬ್ಬರಂತೆ ಜೋಡಿಸಿ ಕೈಗೆ ಕೋಳ ತೊಡಿಸುವುದು. ಆ ಜೋಡಿಗಳೆಲ್ಲವನ್ನೂ ಒಂದೇ ಉದ್ದದ ಸರಪಳಿಗೆ ಸೇರಿಸುವುದು. ಹೆಂಗಸರು, ಮಕ್ಕಳು ಹಿಂದೆ ನಡೆಯುವುದು. ತೀರ ಚಿಕ್ಕವರನ್ನು ಗಾಡಿಗೆ ಹಾಕುವುದು. ಬಂದೂಕು ಹಿಡಿದವರು ಕುದುರೆಯ ಮೇಲೆ. ವರ್ಜೀನಿಯಾದಿಂದ ನ್ಯಾಚೆಜ್‌ಗೆ ಸುಮಾರು ಸಾವಿರ ಮೈಲಿ. ಎರಡು ತಿಂಗಳ ನಡಿಗೆ. 1834ರಲ್ಲಿ ಫೆದರ್‌ಸ್ಟನ್‌ಹಾ ಎಂಬ ಇಂಗ್ಲಿಷ್ ಭೂವಿಜ್ಞಾನಿ ವರ್ಜೀನಿಯಾದ ಹೊಳೆಯೊಂದರ ಹತ್ತಿರ ಸುಮಾರು 300 ಜನರ ಇಂಥ ಒಂದು ಸಾಲನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಒಂದು ಸರಪಳಿಯಲ್ಲಿ ಕಟ್ಟಿದ ಜನ ಹೊಳೆ ದಾಟುವಾಗ ಒಬ್ಬ ಎಡವಿದರೆ ಎಲ್ಲರ ಗತಿ ಏನು ಎಂಬುದನ್ನು ನೀವೇ ಯೋಚಿಸಿ.

ನ್ಯಾಚೆಜ್ ಊರಿನ ಹೊರಗೆ ದಾರಿ ಕವಲೊಡೆಯುವ ಕಡೆ ಪೇಟೆ ಇತ್ತು. ಆ ಜಾಗದ ಹೆಸರೇ 'ಫೋರ್ಕ್ಸ್ ಆಫ್ ದಿ ರೋಡ್', ಅಂದರೆ ದಾರಿಯ ಕವಲು. ಆಳ ದಕ್ಷಿಣದ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಬಿಟ್ಟರೆ ಇದೇ ಎರಡನೆಯ ದೊಡ್ಡ ಮನುಷ್ಯರ ಪೇಟೆ. ಅಲ್ಲಿ ಹರಾಜು ಕೂಗುತ್ತಿರಲಿಲ್ಲ. ನಮ್ಮ ದನದ ಸಂತೆಯಲ್ಲಿ ಹಲ್ಲು ನೋಡಿ, ನಡಿಗೆ ನೋಡಿ, ಒಬ್ಬೊಬ್ಬರೇ ಬಂದು ಬೆಲೆ ಕುದುರಿಸುತ್ತಾರಲ್ಲ, ಹಾಗೆ ವ್ಯಾಪಾರ. ಮಾರುವ ಮುನ್ನ ಹೊಟ್ಟೆ ತುಂಬ ಹಾಕಿ, ಹೊಸ ಬಟ್ಟೆ ತೊಡಿಸಿ ಸಾಲಾಗಿ ನಿಲ್ಲಿಸುವರು.

ಈ ಪೇಟೆ ಊರ ಹೊರಗೆ ಹೋದದ್ದಕ್ಕೂ ಒಂದು ಕಾರಣವುಂಟು. 1833ರಲ್ಲಿ ಕಾಲರಾ ಬಂದಾಗ ಐಸಾಕ್ ಫ್ರಾಂಕ್ಲಿನ್ ಎಂಬ ದೊಡ್ಡ ದಲಾಲ ಸತ್ತ ಗುಲಾಮರ ಹೆಣಗಳನ್ನು ಗುಟ್ಟಾಗಿ ಕೊರಕಲಿನಲ್ಲಿ ಹೂಳಿಸಿದ. ಅದು ಬಯಲಿಗೆ ಬಂದಾಗ ಊರವರು ಸಿಟ್ಟಿಗೆದ್ದು ದಲಾಲರೆಲ್ಲ ಊರ ಗಡಿಯಾಚೆ ಹೋಗಬೇಕೆಂದು ಕಟ್ಟಳೆ ಮಾಡಿದರು. ಮನುಷ್ಯರನ್ನು ಮಾರುತ್ತಾರೆ ಎಂದು ಅವರಿಗೆ ಸಿಟ್ಟು ಬರಲಿಲ್ಲ. ತಮಗೆ ರೋಗ ತಗಲೀತು ಎಂದು ಸಿಟ್ಟು ಬಂತು.

ಇನ್ನು ಲೆಕ್ಕದ ಪುಸ್ತಕದ ಮಾತು. ಹತ್ತಿ ಬೆಳೆಯುವ ಮಾಲೀಕನಿಗೆ ಸಾಲ ಬೇಕಾದಾಗ ಅವನು ಹೊಲವನ್ನು ಮಾತ್ರವಲ್ಲ, ಗುಲಾಮರನ್ನೂ ಅಡವು ಇಡುತ್ತಿದ್ದ. ಬ್ಯಾಂಕಿನವರು ಅದನ್ನು ಒಪ್ಪಿ ಬರೆದುಕೊಳ್ಳುತ್ತಿದ್ದರು. ಸಾಲ ತೀರದಿದ್ದರೆ ತಾಯಿ ಒಂದು ಕಡೆ, ಮಗು ಒಂದು ಕಡೆ ಜಪ್ತಿ. ಇವತ್ತು ಆ ಜನರ ಬಗ್ಗೆ ನಮಗೆ ತಿಳಿದಿರುವುದು ಬಹುಪಾಲು ಆ ಪುಸ್ತಕಗಳಿಂದಲೇ. ಒಂದು ಹೆಸರು, ವಯಸ್ಸು, ಎತ್ತರ, ಬೆಲೆ. ಅಡ್ಡಹೆಸರಿಲ್ಲ, ಊರಿಲ್ಲ, ತಂದೆತಾಯಿ ಇಲ್ಲ. ಲೆಕ್ಕ ಬರೆದವನ ಅಕ್ಷರ ದುಂಡಾಗಿದೆ, ಕೂಡಿಕೆಯಲ್ಲಿ ತಪ್ಪಿಲ್ಲ. ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ವ್ಯವಹಾರ ಧರ್ಮವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹೆಸರು ಉಳಿದ ಒಬ್ಬಾತ

ಹೀಗೆ ಬಂದವರಲ್ಲಿ ಹೆಸರು ಉಳಿಸಿಕೊಂಡವರು ಬಲು ವಿರಳ. ಅವರಲ್ಲೊಬ್ಬ ಅಬ್ದುಲ್ ರಹಮಾನ್ ಇಬ್ರಾಹಿಮ. ಈತ ಪಶ್ಚಿಮ ಆಫ್ರಿಕದ ಫೂಟಾ ಜಲ್ಲೋನ್ ಎಂಬ ರಾಜ್ಯದ ಅರಸನ ಮಗ. ಈಗ ಅದು ಗಿನಿ ದೇಶದಲ್ಲಿದೆ. ಅರಬ್ಬಿ ಓದು ಬರಹ ಬಲ್ಲವನು. 1788ರಲ್ಲಿ ಯುದ್ಧದಲ್ಲಿ ಸೆರೆಸಿಕ್ಕಿ, ಹಡಗಿಗೆ ಮಾರಲ್ಪಟ್ಟು, ಕೊನೆಗೆ ನ್ಯಾಚೆಜ್‌ನಲ್ಲಿ ಥಾಮಸ್ ಫಾಸ್ಟರ್ ಎಂಬ ಜಮೀನ್ದಾರನ ಕೈಗೆ ಬಂದ. ಅಲ್ಲಿ ಮದುವೆಯಾಗಿ ಮಕ್ಕಳನ್ನೂ ಪಡೆದ.

1807ರಲ್ಲಿ ಪೇಟೆಯಲ್ಲಿ ಕಾಯಿಪಲ್ಯ ಮಾರುತ್ತಿದ್ದಾಗ ಕಾಕ್ಸ್ ಎಂಬ ವೈದ್ಯ ಇವನ ಗುರುತು ಹಿಡಿದ. ಹಿಂದೆ ಆ ವೈದ್ಯ ಆಫ್ರಿಕದಲ್ಲಿ ದಾರಿ ತಪ್ಪಿ ಕಾಯಿಲೆ ಬಿದ್ದಾಗ ಇಬ್ರಾಹಿಮನ ತಂದೆಯೇ ಅರಮನೆಯಲ್ಲಿಟ್ಟುಕೊಂಡು ಉಪಚರಿಸಿದ್ದ. ಉಂಡ ಮನೆಯ ಋಣ ಮರೆಯದ ಕಾಕ್ಸ್ ದುಡ್ಡು ಕೊಟ್ಟು ಬಿಡಿಸಲು ನೋಡಿದ. ಒಳ್ಳೆಯ ಆಳು ಎಂದು ಮಾಲೀಕ ಬಿಡಲಿಲ್ಲ. ಮುಂದೆ ಇಬ್ರಾಹಿಮ ಅರಬ್ಬಿಯಲ್ಲಿ ಬರೆದ ಒಂದು ಪತ್ರ ಕೈಯಿಂದ ಕೈಗೆ ಹೋಗಿ ಮೊರಾಕ್ಕೊ ದೇಶದವರೆಗೆ ಮುಟ್ಟಿತು. ಅಮೆರಿಕದ ಸರ್ಕಾರ ನಡುವೆ ಬಂದು 1828ರಲ್ಲಿ ಬಿಡುಗಡೆಯಾಯಿತು. ಅಷ್ಟರಲ್ಲಿ 40 ವರ್ಷ ಕಳೆದುಹೋಗಿತ್ತು.

ಬಿಡುಗಡೆಯಾದದ್ದು ತನಗೆ ಮತ್ತು ಹೆಂಡತಿಗೆ ಮಾತ್ರ. ಮಕ್ಕಳನ್ನು ಬಿಡಿಸಿಕೊಳ್ಳಲು ಆತ ಉತ್ತರದ ಊರೂರು ತಿರುಗಿ ಚಂದಾ ಎತ್ತಿದ. 1829ರಲ್ಲಿ ಆಫ್ರಿಕದ ಲೈಬೀರಿಯಾ ತಲುಪಿದ. ತನ್ನ ಊರು ಇನ್ನೂ ದೂರವಿತ್ತು. ಅದೇ ವರ್ಷ ಜುಲೈ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡ. ಆತ ಕೂಡಿಸಿದ ಹಣದಿಂದ ಮುಂದೆ ಕೆಲವು ಮಕ್ಕಳು ಮೊಮ್ಮಕ್ಕಳು ಬಿಡುಗಡೆಯಾಗಿ ಲೈಬೀರಿಯಾ ಸೇರಿದರು. ಉಳಿದವರು ಮಿಸಿಸಿಪಿಯಲ್ಲೇ ಉಳಿದರು. ಓದು ಬರಹ ಬಂದದ್ದರಿಂದ ಒಬ್ಬನ ಹೆಸರು ಉಳಿಯಿತು. ಉಳಿದ ಲಕ್ಷಾಂತರ ಜನರಿಗೆ ಅಕ್ಷರ ಕಲಿಸುವುದನ್ನೇ ದಕ್ಷಿಣದ ಅನೇಕ ರಾಜ್ಯಗಳು ಕಾನೂನು ಮಾಡಿ ತಡೆದಿದ್ದವು.

ನೆಲ ಕಳೆದುಕೊಂಡವರು

ಹತ್ತಿ ಹಬ್ಬಿದ್ದು ಯಾರ ನೆಲದ ಮೇಲೆ? ಚೋಕ್ಟಾ, ಚಿಕಸಾ ಜನರ ನೆಲದ ಮೇಲೆ. 1830ರಲ್ಲಿ ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ ಮೂಲನಿವಾಸಿಗಳನ್ನು ಮಿಸಿಸಿಪಿ ಹೊಳೆಯ ಪಶ್ಚಿಮಕ್ಕೆ ಕಳಿಸುವ ಕಾಯಿದೆಗೆ ಸಹಿ ಮಾಡಿದ. ಈ ಜ್ಯಾಕ್ಸನ್ ತಾನೇ ಹಿಂದೆ ನ್ಯಾಚೆಜ್ ಜಾಡಿನಲ್ಲಿ ಗುಲಾಮರನ್ನು ಸಾಗಿಸಿದವನು. ಅದೇ ವರ್ಷ ಚೋಕ್ಟಾ ಜನರಿಂದ ಕರಾರು ಬರೆಸಿಕೊಂಡರು. 1831ರಿಂದ 1833ರವರೆಗೆ ಸಾವಿರಾರು ಕುಟುಂಬಗಳು ಈಗಿನ ಒಕ್ಲಹೋಮಾ ರಾಜ್ಯದ ಕಡೆಗೆ ಹೊರಟವು. ಮೊದಲ ಚಳಿಗಾಲದಲ್ಲೇ ಹಿಮ ಬಿತ್ತು. ಮೈಮೇಲೆ ಸರಿಯಾದ ಹೊದಿಕೆ ಇರಲಿಲ್ಲ. ಚಳಿ, ಹಸಿವು, ಕಾಲರಾ ಸೇರಿ ದಾರಿಯುದ್ದಕ್ಕೂ ಸಾವಿರಾರು ಜನ ಸತ್ತರು. 1837ರಿಂದ ಚಿಕಸಾ ಜನರೂ ಹೊರಟರು. ಬಿಟ್ಟುಹೋದ ನೆಲ ಹತ್ತಿಯ ಹೊಲವಾಯಿತು. ಆ ಹೊಲಕ್ಕೆ ಆಳು ಬೇಕಾಗಿ ದಾರಿಯಲ್ಲಿ ಸರಪಳಿಯ ಸಾಲು ಮತ್ತಷ್ಟು ಉದ್ದವಾಯಿತು. ಒಬ್ಬರನ್ನು ಅಟ್ಟಿದ್ದಕ್ಕೂ ಇನ್ನೊಬ್ಬರನ್ನು ಕಟ್ಟಿ ತಂದದ್ದಕ್ಕೂ ಕಾರಣ ಒಂದೇ.

ಅಲಬಾಮಾದ ಫ್ಲಾರೆನ್ಸ್ ಊರಿನ ಹತ್ತಿರ, ಈ ದಾರಿಗೆ ಕೂಗಳತೆಯಲ್ಲಿ, ಒಂದು ಕಲ್ಲಿನ ಗೋಡೆ ಇದೆ. ಟಾಮ್ ಹೆಂಡ್ರಿಕ್ಸ್ ಎಂಬ ಮನುಷ್ಯ ಅದನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂಟಿಯಾಗಿ ಕಟ್ಟಿದ. ತೆಲಾನೆ ಎಂಬಾಕೆ ಯೂಚಿ ಎಂಬ ಬುಡಕಟ್ಟಿನವಳು, ಈತನ ಮುತ್ತಜ್ಜಿಯ ತಾಯಿ. ಆಕೆಯ ಕಥೆಯನ್ನು ಮನೆಯವರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದಿದ್ದರು. ಅವಳನ್ನೂ ಸರ್ಕಾರದವರು ಪಶ್ಚಿಮಕ್ಕೆ ಅಟ್ಟಿದ್ದರು. ತಮ್ಮ ಹೊಳೆಯಲ್ಲಿ ಒಬ್ಬ ಹೆಣ್ಣುಮಗಳು ಕೂತು ಹಾಡುತ್ತಾಳೆಂದು ಯೂಚಿ ಜನ ನಂಬಿದ್ದರು. ಅಲ್ಲಿಯ ಹೊಳೆಗಳಲ್ಲಿ ಆ ಹಾಡು ಕೇಳಿಸಲಿಲ್ಲವೆಂದು ಅವಳು ಒಬ್ಬಳೇ ಐದು ವರ್ಷ ನಡೆದು ಊರಿಗೆ ಮರಳಿದಳಂತೆ. ಅವಳ ಒಂದೊಂದು ಹೆಜ್ಜೆಗೆ ಒಂದೊಂದು ಕಲ್ಲು ಎಂದು ಮೊಮ್ಮಗ ಸಂಕಲ್ಪ ಮಾಡಿದ. ಗಾರೆ ಇಲ್ಲ, ಸಿಮೆಂಟಿಲ್ಲ, ನಮ್ಮ ಹೊಲದ ಒಡ್ಡಿನ ಹಾಗೆ ಕಲ್ಲಿನ ಮೇಲೆ ಕಲ್ಲು. ಗೋಡೆ ಒಂದು ಮೈಲಿಗೂ ಉದ್ದವಾಗಿದೆ. ಹೆಂಡ್ರಿಕ್ಸ್ 2017ರಲ್ಲಿ ತೀರಿಕೊಂಡ. ಹೊಳೆಯಲ್ಲಿ ಹಾಡುವ ಹೆಂಗಸಿನ ಕಥೆ ಇಲ್ಲಿ ಹೆದರಿಸುವ ಕಥೆಯಾಗಿ ಉಳಿಯಲಿಲ್ಲ, ದಾಖಲೆಯಾಯಿತು. ಕಥೆಯನ್ನು ಹೇಗೆ ಬಳಸಬೇಕು ಎಂಬುದನ್ನು ಈ ಗೋಡೆಯಿಂದ ಕಲಿಯಬೇಕು.

ಪೇಟೆ ಮುರಿದ ದಿನ

1861ರಿಂದ 1865ರವರೆಗೆ ಗುಲಾಮಗಿರಿಯ ಸಲುವಾಗಿ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧವಾಯಿತು. 1863ರ ಜುಲೈನಲ್ಲಿ ಉತ್ತರದ ದಂಡು ನ್ಯಾಚೆಜ್ ಊರನ್ನು ಹಿಡಿಯಿತು. ಸುತ್ತಲಿನ ಹತ್ತಿ ಹೊಲಗಳಿಂದ ಸಾವಿರಾರು ಜನ ಗುಲಾಮರು ಬಿಡುಗಡೆ ಸಿಕ್ಕಿತೆಂದು ಊರಿಗೆ ಓಡಿಬಂದರು. ಅನೇಕ ಗಂಡಸರು ಸೈನ್ಯ ಸೇರಿದರು. ಹಾಗೆ ಸೇರಿದ ಕಪ್ಪು ಸಿಪಾಯಿಗಳೇ ಕವಲುದಾರಿಯ ಪೇಟೆಯ ದೊಡ್ಡಿಗಳನ್ನು ಕೈಯಾರೆ ಕೆಡವಿ, ಅದೇ ಹಲಗೆಗಳಿಂದ ತಮ್ಮ ಬ್ಯಾರಕ್ಕು ಕಟ್ಟಿಕೊಂಡರು. ತಮ್ಮನ್ನು ಕೂಡಿಹಾಕಿ ಮಾರಿದ ಕಟ್ಟಿಗೆಯನ್ನು ತಾವೇ ಕೀಳುವಾಗ ಅವರಿಗೆ ಏನನಿಸಿರಬೇಕು!

ಆದರೆ ಓಡಿಬಂದವರೆಲ್ಲರಿಗೆ ಅನ್ನ, ಸೂರು ಸಿಗಲಿಲ್ಲ. ಕಿಕ್ಕಿರಿದ ಶಿಬಿರದಲ್ಲಿ ಸಿಡುಬು ಮೊದಲಾದ ರೋಗಗಳು ಹಬ್ಬಿ ನೂರಾರು ಜನ, ಅದರಲ್ಲೂ ಹೆಂಗಸರು ಮಕ್ಕಳು, ಸತ್ತರು. ಊರಿನ ಹತ್ತಿರ 'ಸೈತಾನನ ಬೋಗುಣಿ' ಎಂಬ ದೊಡ್ಡ ತಗ್ಗಿದೆ. ಮೊದಲು ಅಲ್ಲಿ ಕಳ್ಳರು ಹೂತಿಟ್ಟ ಹೊನ್ನಿದೆ ಎಂಬ ಕಥೆಯಿತ್ತು. ಈಗ ಆ ತಗ್ಗಿನಲ್ಲಿ 20,000 ಜನರನ್ನು ಕೂಡಿಹಾಕಿ ಸಾಯಿಸಿದರು, ಅಲ್ಲಿಯ ಹಣ್ಣನ್ನು ಯಾರೂ ತಿನ್ನುವುದಿಲ್ಲ ಎಂಬ ಕಥೆ ಹಬ್ಬಿದೆ. ಆ ಅಂಕಿಗೆ ದಾಖಲೆಯಲ್ಲಿ ಆಧಾರವಿಲ್ಲ ಎಂದು ಇತಿಹಾಸಕಾರರು ತೋರಿಸಿದ್ದಾರೆ. ಆದರೆ ಶಿಬಿರ ನಿಜ, ಸಿಡುಬು ನಿಜ, ಸಾವೂ ನಿಜ. ನಡೆದ ಕಾಲಕ್ಕೆ ಸರಿಯಾಗಿ ಬರೆದಿಡದಿದ್ದರೆ ಹೀಗೇ ಆಗುತ್ತದೆ. ಮೊದಲು ಮರೆಯುತ್ತಾರೆ, ಆಮೇಲೆ ನೂರನ್ನು ಸಾವಿರ ಮಾಡಿ ಹೇಳುತ್ತಾರೆ. ಎರಡರಲ್ಲೂ ಅನ್ಯಾಯ ಸತ್ತವರಿಗೇ.

ಇಂದಿನ ದಾರಿ ಬಹಳ ಸುಂದರವಾಗಿದೆ. ಹಬೆಯ ಹಡಗು ಬಂದ ಮೇಲೆ ಹಾಳುಬಿದ್ದಿದ್ದ ಜಾಡಿನ ಗುಂಟ 1930ರ ದಶಕದಲ್ಲಿ ಹೊಸ ರಸ್ತೆ ಮಾಡಲು ಆರಂಭಿಸಿ 2005ರಲ್ಲಿ ಮುಗಿಸಿದರು. ಎರಡೂ ಕಡೆ ಕಾಡು, ಹಸಿರು. ಲಾರಿಗಳಿಗೆ ಪ್ರವೇಶವಿಲ್ಲ, ಜಾಹೀರಾತಿನ ಹಲಗೆ ಇಲ್ಲ. ಲೂಯಿಸನ ಸಮಾಧಿ, ಮಾಟಗಾತಿಯರ ಜಾಗ ಎಲ್ಲಕ್ಕೂ ಫಲಕಗಳಿವೆ. ಆದರೆ ಮನುಷ್ಯರನ್ನು ಮಾರಿದ ಕವಲುದಾರಿ ನೂರಕ್ಕೂ ಹೆಚ್ಚು ವರ್ಷ ಗುರುತಿಲ್ಲದೆ ಬಿದ್ದಿತ್ತು. ಊರಿನ ಕಪ್ಪು ಜನರು ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ ಅಲ್ಲಿ ಫಲಕ ಬಂತು, ನೆಲದಲ್ಲಿ ಸಂಕೋಲೆಗಳನ್ನು ಹೂತು ಗುರುತು ಮಾಡಿದರು. 2021ರಲ್ಲಿ ಆ ಜಾಗ ರಾಷ್ಟ್ರೀಯ ಉದ್ಯಾನ ಇಲಾಖೆಯ ರಕ್ಷಣೆಗೆ ಸೇರಿತು. ಪೇಟೆ ಮುರಿದದ್ದು 1863ರಲ್ಲಿ. ಲೆಕ್ಕ ಹಾಕಿ ನೋಡಿ, 158 ವರ್ಷ.

ಧಾರವಾಡ ಸೀಮೆಗೆ ಬಂದ ಎಳೆ

ಈಗ ಹತ್ತಿಯ ಸಂಬಂಧ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿಯನ್ನು ಅಮೆರಿಕಕ್ಕೆ ಕಳಿಸಿ, ಮಿಸಿಸಿಪಿಯ ಹತ್ತಿ ಸೀಮೆಯಿಂದ ಹತ್ತು ಜನ ಬೇಸಾಯಗಾರರನ್ನು ಗೊತ್ತುಮಾಡಿ ಹಿಂದುಸ್ತಾನಕ್ಕೆ ಕರೆಸಿತು. ಅವರ ಬೀಜ, ಅವರ ಜಿನ್ನು ಬಹಳ ಕಡೆ ಹಿಡಿಯಲಿಲ್ಲ. ಹಿಡಿದದ್ದು ನಮ್ಮ ಧಾರವಾಡ ಸೀಮೆಯ ಎರಿ ಹೊಲದಲ್ಲಿ. ನ್ಯೂ ಆರ್ಲಿಯನ್ಸ್ ತಳಿಯ ಆ ಹತ್ತಿಗೆ 'ಧಾರವಾಡ ಅಮೆರಿಕನ್' ಎಂದೇ ಹೆಸರಾಯಿತು.

1861ರಲ್ಲಿ ಅಮೆರಿಕದ ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳು ಇತ್ತ ನೋಡಿದವು. ಧಾರವಾಡ ಹತ್ತಿಯ ಧಾರಣೆ ಏರಿತು. ರೈತರ ಕೈಯಲ್ಲಿ ಎಂದೂ ಕಾಣದ ರೊಕ್ಕ ಓಡಾಡಿತು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಬಿತ್ತು. ಮಾಡಿದ ಸಾಲ ಉಳಿಯಿತು. 1875ರಲ್ಲಿ ಪುಣೆ ಮತ್ತು ಅಂದಿನ ಅಹಮದ್‌ನಗರ ಜಿಲ್ಲೆಗಳ ರೈತರು ಸಾವುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟದ್ದಕ್ಕೆ ಈ ಧಾರಣೆಯ ಕುಸಿತವೂ ಒಂದು ಕಾರಣವಾಗಿತ್ತು. ಬೆನ್ನಿಗೇ 1876-78ರ ಧಾತು, ಈಶ್ವರ ಸಂವತ್ಸರಗಳ ಮಹಾ ಬರ ಬಂತು. ನಮ್ಮ ಹಳ್ಳಿಗಾಡಿನ ದಾರಿಯ ಬದಿಯಲ್ಲಿ ಆಗ ಎಷ್ಟು ಜನ ಕೂತಲ್ಲೇ ಪ್ರಾಣ ಬಿಟ್ಟರೋ! ಹುಣಸೇಮರದ ಕೆಳಗಿನ ಎಷ್ಟೋ ದೆವ್ವಗಳು ಆ ಹಸಿದ ಹೊಟ್ಟೆಗಳೇ ಇರಬೇಕೆಂದು ನನಗೆ ತೋರುತ್ತದೆ.

ಈ ಸಾಲದ ಸಂಕಟಕ್ಕೆ ಉತ್ತರವಾಗಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅದೂ ಹತ್ತಿ ಬೆಳೆಯುವ ನೆಲವೇ. ಸಾಲ ಬೇಕಾದ ಮನುಷ್ಯ ಸಂಘದ ಪುಸ್ತಕದಲ್ಲಿ ಸದಸ್ಯನಾಗಿ, ತಂದೆಯ ಹೆಸರಿನ ಸಹಿತ, ತನ್ನ ಸಹಿ ಇಲ್ಲವೇ ಹೆಬ್ಬೆಟ್ಟಿನ ಸಹಿತ ದಾಖಲಾದ. ನ್ಯಾಚೆಜ್‌ನ ಪುಸ್ತಕದಲ್ಲಿ ಮನುಷ್ಯನೇ ಅಡವಿನ ವಸ್ತು. ನಮ್ಮ ಪುಸ್ತಕದಲ್ಲಿ ಮನುಷ್ಯನ ಮಾತೇ ಜಾಮೀನು. ಪುಸ್ತಕ ಎಂಬುದು ಎರಡೂ ಕಡೆ ಪುಸ್ತಕವೇ. ಅದರಲ್ಲಿ ಮನುಷ್ಯನನ್ನು ಏನೆಂದು ಬರೆದಿದ್ದೇವೆ ಎಂಬುದರಲ್ಲಿ ಎಲ್ಲ ಇದೆ.

ಕೊನೆಯ ಮಾತು

ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ನೆಲ ಕಳೆದುಕೊಂಡು ಪಶ್ಚಿಮಕ್ಕೆ ಹೋದ ಚೋಕ್ಟಾ ಜನ ಅಲ್ಲಿ ಇನ್ನೂ ಬಡತನದಲ್ಲೇ ಇದ್ದರು. 1847ರಲ್ಲಿ ಐರ್ಲೆಂಡ್ ದೇಶದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಲಕ್ಷಾಂತರ ರೈತರು ಹಸಿವಿನಿಂದ ಸಾಯುತ್ತಿದ್ದಾರೆ ಎಂಬ ಸುದ್ದಿ ಅವರಿಗೆ ಮುಟ್ಟಿತು. ಐರ್ಲೆಂಡನ್ನು ಅವರು ಕಂಡವರಲ್ಲ. ಆದರೂ ಸಭೆ ಸೇರಿ ಚಂದಾ ಎತ್ತಿ 170 ಡಾಲರು ಕೂಡಿಸಿ ಕಳಿಸಿದರು. ಐರ್ಲೆಂಡಿನ ಜನ ಅದನ್ನು ಬರೆದಿಟ್ಟುಕೊಂಡರು, ಮರೆಯಲಿಲ್ಲ. 2017ರಲ್ಲಿ ಅಲ್ಲಿಯ ಕಾರ್ಕ್ ಜಿಲ್ಲೆಯ ಮಿಡಲ್ಟನ್ ಊರಿನಲ್ಲಿ ಚೋಕ್ಟಾ ಜನರ ಹೆಸರಿನಲ್ಲಿ ಸ್ಮಾರಕ ಅರ್ಪಿಸಿದರು. 2020ರಲ್ಲಿ ಕೋವಿಡ್ ರೋಗ ಬಂದಾಗ ಅಮೆರಿಕದ ನವಾಹೋ, ಹೋಪಿ ಎಂಬ ಮೂಲನಿವಾಸಿಗಳಿಗೆ ಐರ್ಲೆಂಡಿನ ಸಾವಿರಾರು ಜನ ಆ ಹಳೆಯ ಋಣ ನೆನೆದು ಹಣ ಕಳಿಸಿದರು. ಹತ್ತಿರ ಹತ್ತಿರ 173 ವರ್ಷದ ಹಿಂದಿನ ಕೈಗಡ ತೀರಿಸಿದ ಹಾಗಾಯಿತು. ಸಹಕಾರ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಊರಿನ ದಾರಿಗಳಲ್ಲೂ ಕಲ್ಲುಗಳಿವೆ, ಹಾಳು ಬಾವಿಗಳಿವೆ, ಹೆಸರಿಲ್ಲದ ಗುಡ್ಡೆಗಳಿವೆ. ಅವುಗಳ ಕಥೆ ಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಬೆಳ್ಳಿಹಬ್ಬದ ನೆನಪಿಗೆ ಸಂಘದ ಕಚೇರಿಯಲ್ಲಿ ಒಂದು ದಪ್ಪ ನೋಟ್ ಪುಸ್ತಕ ಇಡೋಣ ಎಂದು ಸದಸ್ಯರಲ್ಲಿ ನನ್ನ ವಿನಂತಿ. ಪಂಚ್‌ಕಟ್ಟೆಯ ಮೇಲೆ ಕೂತು ಹೇಳುವ ದೆವ್ವದ ಕಥೆಯನ್ನು ಹೇಳಿದ ಹಾಗೇ ಬರೆಸಿರಿ. ಅದರ ಕೆಳಗೆ ಎರಡು ಗೆರೆ ಖಾಲಿ ಬಿಡಿರಿ: ಸತ್ತವರು ಯಾರು, ಯಾತಕ್ಕೆ ಸತ್ತರು. ಬರಗಾಲದಲ್ಲಿ ಸತ್ತವರಿರಬಹುದು, ಪ್ಲೇಗಿನಲ್ಲಿ ಸತ್ತವರಿರಬಹುದು, ಊರ ಬಾವಿಯ ನೀರು ಮುಟ್ಟಲು ಬಿಡದ್ದಕ್ಕೆ ಸತ್ತವರೂ ಇರಬಹುದು. ಯಾರಾದರೂ ತಿಳಿದವರು ಬಂದು ಆ ಗೆರೆ ತುಂಬಲಿ. ಓದಲು ಮನಸ್ಸಿಗೆ ಕಷ್ಟವಾಗುವ ಉತ್ತರ ಬಂದರೂ ಅಳಿಸಬಾರದು.

ಇಪ್ಪತ್ತೈದು ವರ್ಷ ಪೈಸೆ ಪೈಸೆಗೆ ಲೆಕ್ಕ ಇಟ್ಟ ಸಂಘ ನಮ್ಮದು. ಊರಿನ ನೋವಿಗೂ ಒಂದು ಪುಟ ತೆಗೆಯುವುದು ನಮಗೆ ಕಷ್ಟವಲ್ಲ.